ಚೌರಪ್ಪನ ತಂಬಿಗೆ

ನಮ್ಮೂರಿಗೆ ಯಾವ ಬಸ್ಸು ಹತ್ತಬೇಕು ಅಂತ ನನ್ನನ್ನು ಕೇಳಬೇಡಿ. ನಾನು ಅಲ್ಲಿಂದ ಹೊರಗೆ ಹೋದವಳೇ ಅಲ್ಲ. ಒಂದು ಕೊನೆಗೆ ಮಾತೆಯ ಕೊಳ, ಇನ್ನೊಂದು ಕೊನೆಗೆ ಚರ್ಚು, ನಡುವೆ ಒಂದು ಬೀದಿ. ಅಷ್ಟೇ ಊರು. ನಮ್ಮಲ್ಲಿ ಯಾರಾದರೂ ತಪ್ಪು ಮಾಡಿದರೆ, ಆ ಹೊತ್ತಿಗೆ ಅವರ ಕೈಗೆ ಹತ್ತಿರವಿರುವ ಅವರದೇ ವಸ್ತುವಿಗೆ ತೂತು ಬೀಳುತ್ತದೆ. ಸಣ್ಣ ಸುಳ್ಳಿಗೆ ಸಾಸಿವೆಯಷ್ಟು, ಹೊಟ್ಟೆಕಿಚ್ಚಿಗೆ ಕಡಲೆಕಾಳಿನಷ್ಟು, ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡಿದರೆ ಬೆಕ್ಕು ನುಸುಳುವಷ್ಟು.

ಹಾಗಂತ ನಾವೇನೂ ಅಳುತ್ತಾ ಕೂತವರಲ್ಲ. ಕಾಫಿ ಲೋಟ ಹಿಡಿಯುವಾಗ ಕಿರುಬೆರಳನ್ನು ತಳಕ್ಕೆ ಒತ್ತಿ ಹಿಡಿಯುವುದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡದೆ ಬರುತ್ತದೆ. ಚರ್ಚಿನಲ್ಲಿ ಉರಿದು ಉಳಿದ ಮೇಣದ ತುಂಡುಗಳನ್ನು ಮನೆಮನೆಗೂ ಒಯ್ದು ಪಾತ್ರೆ ಮುಚ್ಚುತ್ತೇವೆ. ನಮ್ಮತ್ತೆಯಂತೂ ಮಾವನ ಹಳೆಯ ಟೋಪಿಯಲ್ಲೇ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಮಾವ ಬದುಕಿದ್ದಾಗ ಎಂಥವರು ಅಂತ ಯಾರೂ ಬೇರೆ ಕೇಳಬೇಕಾಗಿರಲಿಲ್ಲ.

ಒಂದೇ ಒಂದು ಕಡೆ ಮಾತ್ರ ಮೇಣ ನಡೆಯುತ್ತಿರಲಿಲ್ಲ. ಮಗುವಿನ ತಲೆಗೆ ನೀರು ಹೊಯ್ದು ಹೆಸರಿಡುವ ಜ್ಞಾನಸ್ನಾನದ ದಿನ, ಮುಂದೆ ಅದಕ್ಕೆ ದಾರಿ ತೋರಿಸುವ ಜ್ಞಾನತಂದೆ ಆಗುವವನು ತನ್ನ ಸ್ವಂತ ಪಾತ್ರೆಯಲ್ಲಿ ಮಾತೆಯ ಕೊಳದ ನೀರು ತುಂಬಿಕೊಂಡು ಬೀದಿಯುದ್ದಕ್ಕೂ ನಡೆದು ಚರ್ಚಿಗೆ ತರಬೇಕು. ಆ ನೀರಿನಲ್ಲೇ ಸ್ನಾನ. ಪಾತ್ರೆ ಸೋರಿ ಖಾಲಿಯಾದರೆ ಅವನು ಜ್ಞಾನತಂದೆ ಅಲ್ಲ. ಆಗ ಪಕ್ಕದಲ್ಲೇ ಬೆಳ್ಳಿಯ ಕೂಜ ಹಿಡಿದು ನಡೆದು ಬರುತ್ತಿದ್ದ, ಚರ್ಚಿನಲ್ಲಿ ಜಪ ಕಲಿಸುವ ಉಪದೇಶಿ ದೇವಸಹಾಯಪ್ಪನವರು ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ತಮ್ಮ ನೀರು ಕೊಡುತ್ತಿದ್ದರು. ಮಗುವಿಗೆ ಹೆಸರಿಡುವ ಹಕ್ಕು ನೀರು ತಂದವನದು. ಉಪದೇಶಿಗಳು ಇಡುತ್ತಿದ್ದುದು ಒಂದೇ ಹೆಸರು. ನಮ್ಮ ಬೀದಿಯಲ್ಲಿ ನಿಂತು "ದೇವಸಹಾಯಾ, ಊಟಕ್ಕೆ ಬಾರೋ" ಅಂತ ಒಬ್ಬ ತಾಯಿ ಕೂಗಿದರೆ ಇಡೀ ಬೀದಿ ಕೈತೊಳೆದುಕೊಂಡು ಅವಳ ಮನೆಗೆ ಬರುತ್ತಿತ್ತು.

ನನಗೆ ಮಗಳು ಹುಟ್ಟಿದಾಗ ನನ್ನಣ್ಣ ಚೌರಪ್ಪ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಆರೋಗಿ, ಇವಳಿಗೆ ನಾನೇ ಜ್ಞಾನತಂದೆ. ಹೆಸರೂ ಯೋಚಿಸಿ ಇಟ್ಟಿದ್ದೀನಿ. ಈಗ ಹೇಳಲ್ಲ" ಅಂದ. ನನ್ನ ಗಂಡ ಮೇಲೆ ಸೂರು ನೋಡಿದ. ನಾನು ಕೆಳಗೆ ನೆಲ ನೋಡಿದೆ. ಯಾಕೆಂದರೆ ಊರಿನಲ್ಲಿ ಅತಿ ಹೆಚ್ಚು ತೂತಿದ್ದ ಮನುಷ್ಯ ನನ್ನಣ್ಣನೇ.

ಅವನದು ಕೋಳಿ ವ್ಯಾಪಾರ. ಬಿದಿರಿನ ಪಂಜರ ಹೆಗಲ ಮೇಲೆ ಹೊತ್ತು ಹೋಗಿ, "ನೋಡಿ ಅಮ್ಮಾ, ದಿನಕ್ಕೆ ಎರಡು ಮೊಟ್ಟೆ, ಭಾನುವಾರ ಮೂರು" ಅನ್ನುತ್ತಿದ್ದ. ಅಷ್ಟು ಹೇಳುವಷ್ಟರಲ್ಲಿ ಪಂಜರಕ್ಕೆ ತೂತು ಬಿದ್ದು ಆ ಕೋಳಿಯೇ ಹೊರಗೆ ಹಾರಿ ಓಡುತ್ತಿತ್ತು. ಅರ್ಧ ದಿನ ಮಾರುವುದು, ಅರ್ಧ ದಿನ ಅಟ್ಟಿಸಿಕೊಂಡು ಹೋಗುವುದು. "ಇಷ್ಟು ಓಡೋ ಬದಲು ನಿಜ ಹೇಳಬಾರದಾ ಅಣ್ಣಾ?" ಅಂದರೆ, "ನಿಜ ಹೇಳಿದರೆ ಕೋಳಿ ಪಂಜರದಲ್ಲೇ ಉಳಿಯುತ್ತೆ ಕಣೇ. ಯಾರೂ ಕೊಳ್ಳಲ್ಲ" ಅನ್ನುತ್ತಿದ್ದ.

ಆದರೆ ನಮ್ಮಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ನನಗೆ ಗಂಜಿ ಕುಡಿಸಲು ಕೋಳಿ ಮಾರಿದ, ಕೋಳಿ ಮಾರಲು ಸುಳ್ಳು ಹೇಳಿದ. ಅವನ ಪಾತ್ರೆಪಡಗಗಳ ತೂತುಗಳಲ್ಲಿ ಅರ್ಧ ನನ್ನ ಹೊಟ್ಟೆಯ ಪಾಲಿಗೇ ಸೇರಬೇಕು. ಮದುವೆಯಾಗದೆ ಉಳಿದ ಮನುಷ್ಯ. ನನ್ನ ಮಗಳ ತಲೆಯ ಮೇಲೆ ನೀರು ಬೀಳುವಾಗ ಅವಳ ಪಕ್ಕ ನಿಲ್ಲುವುದೊಂದೇ ಅವನು ಬದುಕಿನಲ್ಲಿ ಬಾಯಿಬಿಟ್ಟು ಕೇಳಿದ್ದು. ನಾನು ಹೇಗೆ ಬೇಡ ಅನ್ನಲಿ?

ಅವನು ಹೊಸ ಹಿತ್ತಾಳೆ ತಂಬಿಗೆ ತಂದ. ತಂದವನೇ ನನ್ನ ಕೈಗೆ ಕೊಟ್ಟು, "ನಿನ್ನ ಹತ್ತಿರ ಇರಲಿ. ನನ್ನ ಮನೇಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಜರಡಿ ಆಗಿರುತ್ತೆ" ಅಂದ.

ಆ ಭಾನುವಾರ ಚರ್ಚಿನಲ್ಲಿ ನಮ್ಮ ಪಾದ್ರಿ ಮಾರ್ಸೆಲ್ ಸ್ವಾಮಿಗಳ ಪ್ರಸಂಗವೂ ತೂತಿನ ಮೇಲೆಯೇ ಬಂತು. ಸ್ವಾಮಿಗಳು ವಯಸ್ಸಾದವರು, ದಪ್ಪ ದಪ್ಪ ಪುಸ್ತಕ ಓದಿ ಓದಿ ಕಣ್ಣು ಸಣ್ಣಗಾದವರು. "ಕೆಟ್ಟದ್ದು ಅನ್ನೋದು ಒಂದು ವಸ್ತುವೇ ಅಲ್ಲ, ಮಕ್ಕಳೇ" ಅಂದರು. "ಸಮುದ್ರದ ಆಚೆ, ಹಳೇ ಕಾಲದ ಮಠಗಳಲ್ಲಿ, ಸನ್ಯಾಸಿಗಳು ಚಳಿಯಲ್ಲಿ ನಡುಗುತ್ತಾ ಕೂತು ಯೋಚಿಸಿ ಕಂಡುಕೊಂಡ ಮಾತಿದು. ದೇವರು ಬಟ್ಟೆ ಮಾಡಿದ, ತೂತು ಮಾಡಲಿಲ್ಲ. ಬಟ್ಟೆ ಇರಬೇಕಾದ ಕಡೆ ಬಟ್ಟೆ ಇಲ್ಲದಿದ್ದರೆ ಅದಕ್ಕೆ ತೂತು ಅಂತೀವಿ, ಅಷ್ಟೇ."

ಹೋಟೆಲಿನ ಇನ್ನಾಸಪ್ಪ ಎದ್ದು ನಿಂತ. ಪ್ರಸಂಗದ ಮಧ್ಯೆ ಎದ್ದು ನಿಲ್ಲುವುದು ಅವನ ಅಭ್ಯಾಸ. "ಸ್ವಾಮಿ, ಹಾಗಾದರೆ ನಮ್ಮ ಅಂಡೆಯಿಂದ ಸಾಂಬಾರು ಸೋರ್ತಿರೋದು ಇಲ್ಲದ್ದರಿಂದಲೋ?"

"ಹೌದಪ್ಪ, ಇಲ್ಲದ್ದರಿಂದಲೇ."

"ಇಲ್ಲದ್ದು ಇಷ್ಟೊಂದು ಮೇಣ ತಿನ್ನುತ್ತಲ್ಲ ಸ್ವಾಮಿ!"

ಎಲ್ಲರೂ ನಕ್ಕರು. ಸ್ವಾಮಿಗಳೂ ನಕ್ಕು, ಬೆರಳೆತ್ತಿ ಹೇಳಿದರು: "ಇನ್ನೊಂದು ಮಾತು ಕೇಳು. ತೂತು ಎಷ್ಟೇ ದೊಡ್ಡದಾಗಲಿ, ಸುತ್ತ ಒಂದಿಷ್ಟು ಬಟ್ಟೆ ಉಳಿಯಲೇಬೇಕು. ಪೂರ್ತಿ ಹೋದರೆ ತೂತಿಗೆ ನಿಲ್ಲೋಕೂ ಜಾಗ ಇಲ್ಲ. ಎಂಥ ಕೆಟ್ಟವನಲ್ಲೂ ದೇವರು ನೇಯ್ದದ್ದು ಸ್ವಲ್ಪ ಉಳಿದೇ ಇರುತ್ತೆ. ತೂತು ಅದನ್ನು ಹಿಡ್ಕೊಂಡೇ ನೇತಾಡ್ತಾ ಇರುತ್ತೆ."

ಅಣ್ಣ ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಕೇಳಿದೆಯಾ? ನನ್ನಲ್ಲೂ ಅಂಚು ಉಳಿದಿದೆಯಂತೆ." ಅಷ್ಟು ಸಂತೋಷದಿಂದ ಅವನು ಪ್ರಸಂಗ ಕೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಂಚು ಇದ್ದರೆ ಸಾಲದು, ತಂಬಿಗೆ ಉಳಿಯಬೇಕಲ್ಲ. ಅದಕ್ಕೇ ಉಪದೇಶಿಗಳನ್ನು ಕೇಳೋಣ ಅಂತ ಹೊರಟೆವು. ದೇವಸಹಾಯಪ್ಪನವರ ಮೈಮೇಲೆ, ಮನೆಯೊಳಗೆ, ಒಂದು ತೂತೂ ಇಲ್ಲ ಅನ್ನುವುದು ಊರಿಗೇ ಗೊತ್ತಿದ್ದ ಮಾತು. ಬಿಳಿ ಪಂಚೆ, ಬಿಳಿ ಅಂಗಿ, ಕನ್ನಡಿಯಂಥ ಪಾತ್ರೆಗಳು. ನಾವು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆವು. ಅಷ್ಟರಲ್ಲಿ ಮಳೆ ಹನಿಯಿತು. ಉಪದೇಶಿಗಳು ಪಕ್ಕದಲ್ಲಿದ್ದ ಕೊಡೆ ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡರು. ನಮ್ಮ ಮೇಲೂ ಹನಿ ಬಿತ್ತು. ನಾನು ತಲೆಯೆತ್ತಿ ನೋಡಿದೆ. ನಾಲ್ಕು ಗೋಡೆ ಸರಿಯಾಗಿದ್ದವು. ಮೇಲೆ ಮೋಡ ಹೋಗುತ್ತಿತ್ತು.

"ಉಪದೇಶಿಗಳೇ, ಮಳೆ ಒಳಗೇ ಬೀಳ್ತಿದೆ" ಅಂದ ಅಣ್ಣ.

"ಮಳೆ ಎಲ್ಲರ ಮೇಲೂ ಬೀಳೋದೇ ಅಲ್ವಾ ಚೌರಪ್ಪ" ಅಂದರು ಅವರು ಶಾಂತವಾಗಿ. "ನನಗೆ ಚಿಕ್ಕಂದಿನಿಂದ ಸ್ವರ್ಗ ನೋಡ್ತಾ ಮಲಗೋದು ಅಭ್ಯಾಸ. ಬೇಕಾದರೆ ಹುಡುಕು. ಈ ಮನೇಲಿ ಎಲ್ಲಾದರೂ ಒಂದು ತೂತು ತೋರಿಸು ನೋಡೋಣ."

ಅಣ್ಣ ಸುತ್ತ ನೋಡಿದ, ಮೇಲೆ ನೋಡಿದ, ನನ್ನ ಮುಖ ನೋಡಿದ. "ಗೋಡೆಗಳೇ ಅಂಚು ಕಣೇ" ಅಂತ ಬಾಯಿ ಅಲ್ಲಾಡಿಸದೆ ಹೇಳಿದ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಸೆರಗಿಗೆ ಸಾಸಿವೆಯಷ್ಟು ತೂತು ಬಿತ್ತು, ನ್ಯಾಯವೇ.

ಉಪದೇಶಿಗಳು ಕೊಡೆಯ ಕೆಳಗಿನಿಂದ ಬುದ್ಧಿ ಹೇಳಿದರು. "ಏನೂ ಮಾಡಬೇಡ, ಚೌರಪ್ಪ. ಅದೇ ಗುಟ್ಟು. ನಾನು ಯಾರ ಮನೇಲೂ ಉಣ್ಣಲ್ಲ, ಯಾರಿಗೂ ಬಡಿಸಲ್ಲ. ಕೊಡೋದಿಲ್ಲ, ತಗೊಳ್ಳೋದಿಲ್ಲ. ಯಾರ ಜೊತೆಗೂ ಎರಡು ಮಾತು ಹೆಚ್ಚಿಗೆ ಆಡಲ್ಲ. ತೂತು ಬೀಳೋಕೆ ಸಂದು ಎಲ್ಲಿದೆ ಹೇಳು?"

ನೆನೆದುಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಅಣ್ಣ, "ಬೀದಿ ದಾಟೋ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಅಂತ ಕಾಣುತ್ತೆ" ಅಂದ. ಅದೊಂದೇ ಅವನಿಗೆ ಹಿಡಿಸಿದ ಬುದ್ಧಿ.

ಜ್ಞಾನಸ್ನಾನದ ಬೆಳಗ್ಗೆ ಕೊಳದಲ್ಲಿ ತಂಬಿಗೆ ಕಂಠದವರೆಗೆ ತುಂಬಿಕೊಂಡು ಅಣ್ಣ ಹೊರಟ. ತುಟಿ ಹೊಲಿದುಕೊಂಡವನ ಹಾಗೆ ಬಿಗಿದುಕೊಂಡಿದ್ದ. ಅವನ ಎಡಕ್ಕೆ ಬೆಳ್ಳಿ ಕೂಜ ಹಿಡಿದ ಉಪದೇಶಿಗಳು. ಹಿಂದೆ ಮಗು ಎತ್ತಿಕೊಂಡು ನಾನು, ನನ್ನ ಪಕ್ಕ ನನ್ನ ಗಂಡ. ಬೀದಿಯ ಎರಡು ಕಡೆಯೂ ಜನ ಬಾಗಿಲಲ್ಲಿ ನಿಂತು ಚೌರಪ್ಪನನ್ನಲ್ಲ, ಅವನ ತಂಬಿಗೆಯ ತಳ ನೋಡುತ್ತಿದ್ದರು.

ಮೊದಲು ಎದುರಾದವಳು ಲೂರ್ದಮ್ಮ, ಅಣ್ಣನ ನೆರೆಮನೆಯ ಮುದುಕಿ. ಹಿಂದಿನ ದಿನ ಅವನಿಗೆ ಮೀನು ಸಾರು ಕೊಟ್ಟು ಕಳಿಸಿದ್ದಳು. "ಲೋ ಚೌರಿ, ಸಾರು ಹೆಂಗಿತ್ತೋ?"

ಅಣ್ಣ ಮಾತಾಡಲಿಲ್ಲ.

"ಯಾಕೋ ಮಾತಾಡಲ್ಲ? ಉಪ್ಪು ಜಾಸ್ತಿ ಆಗಿತ್ತಾ? ಕಣ್ಣು ಕಾಣಲ್ಲ ಕಣೋ ನಂಗೆ. ಅಳತೆ ತಪ್ಪಿ ಹೋಗುತ್ತೆ. ಯಾರಿಗೂ ಇಲ್ಲದೆ ನಿನಗೆ ಅಂತಲೇ ಮಾಡಿದ್ದು." ಅವಳ ಕಣ್ಣಲ್ಲಿ ನೀರು ಬಂತು.

ಅಣ್ಣನ ತುಟಿ ಬಿಚ್ಚಿತು. "ಅಮೃತ ಇದ್ದ ಹಾಗಿತ್ತು ಲೂರ್ದಕ್ಕಾ."

ಟಪ್ ಅಂತು. ತಂಬಿಗೆಯ ಹೊಟ್ಟೆಯಿಂದ ದಾರದಷ್ಟು ನೀರು ಹೊರಬಿತ್ತು. ಲೂರ್ದಮ್ಮ ಅದನ್ನೇ ನೋಡಿದಳು. "ಅಂದರೆ ಚೆನ್ನಾಗಿರಲಿಲ್ಲ!" ಅಂತ ಚೀರಿದಳು. ಆಮೇಲೆ ಅವನ ಮುಖ ನೋಡಿದಳು, ನನ್ನ ಕೂಸು ನೋಡಿದಳು. ಮೂಗು ಒರೆಸಿಕೊಂಡು ಬಂದು, ಒಂದು ಬೆರಳು ತೂತಿಗೆ ಒತ್ತಿದಳು. "ನನ್ನ ಸಾರಿಂದ ಬಿದ್ದ ತೂತು. ನನ್ನ ಬೆರಳೇ ಇರಲಿ. ನಡಿ ನಡಿ, ನಿಂತ್ಕೋಬೇಡ."

ಇಬ್ಬರೂ ಹೊರಟರು. ಅಣ್ಣ ಎತ್ತರ, ಲೂರ್ದಮ್ಮ ಅವನ ಮೊಳಕೈಗೆ ಬರುತ್ತಿದ್ದಳು. ಅವಳು ತುದಿಗಾಲಲ್ಲಿ, ಅವನು ಬಗ್ಗಿಕೊಂಡು. ಹೋಟೆಲಿನ ಮುಂದೆ ಇನ್ನಾಸಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಿದ್ದ.

"ಏನ್ ಚೌರಪ್ಪನವರೇ! ಎಳೇ ಹುಂಜ ಅಂತ ಕೊಟ್ಟಿರಲ್ಲ, ನಿನ್ನೆ ಬೆಳಗ್ಗೆ ಒಲೆಗೆ ಇಟ್ಟಿದ್ದು. ಸಂಜೆ ಹೊತ್ತಿಗೆ ಸೌದೆ ಮುಗೀತು, ಅಂಡೆ ಬೆಂತು, ಹುಂಜ ಮಾತ್ರ ಬೇಯಲಿಲ್ಲ. ನಿಜ ಹೇಳಿ, ಅದರ ವಯಸ್ಸೆಷ್ಟು?"

ಅಣ್ಣ ಬಾಯಿ ಮುಚ್ಚಿಕೊಂಡೇ ಇರಬೇಕಿತ್ತು. ಆದರೆ ಕೋಳಿಯ ವಯಸ್ಸು ಕೇಳಿದರೆ ಅವನ ನಾಲಿಗೆಗೆ ಅವನ ಅಪ್ಪಣೆ ಬೇಕಿರಲಿಲ್ಲ. "ಮೊನ್ನೆ ಮೊನ್ನೆ ಮೊಟ್ಟೆ ಒಡೆದು ಬಂದದ್ದು!" ಅಂದುಬಿಟ್ಟ.

ಈ ತೂತು ಕಡಲೆಕಾಳಿನಷ್ಟು. ಇನ್ನಾಸಪ್ಪ ತೊಡೆ ತಟ್ಟಿಕೊಂಡು ನಕ್ಕ. ನಗುತ್ತಿರುವಾಗಲೇ ಅವನ ತಲೆಯ ಟೋಪಿಗೂ ಒಂದು ತೂತು ಬಿದ್ದು ಕೂದಲು ಹೊರಗೆ ಇಣುಕಿತು. ಅವನು ಟೋಪಿ ಮುಟ್ಟಿ ನೋಡಿಕೊಂಡ, ನಗು ನಿಂತಿತು.

"ಎಂಥ ಮನುಷ್ಯನೋ ನೀನು" ಅಂದಳು ಲೂರ್ದಮ್ಮ. "ಅದು ಅವನ ನೀರಲ್ಲ, ಕೂಸಿನ ನೀರು. ಬೇಕು ಅಂತಲೇ ಕೆದಕಿದೆಯಲ್ಲ."

"ನಾನೇನು ಇಷ್ಟು ದೊಡ್ಡದು ಬೀಳುತ್ತೆ ಅಂದ್ಕೊಂಡಿದ್ನಾ?" ಅಂತ ಗೊಣಗುತ್ತಾ ಇನ್ನಾಸಪ್ಪ ಮೆಟ್ಟಿಲಿಳಿದು ಬಂದು, ಸಾಂಬಾರಿನ ಕೈ ಒರೆಸಿಕೊಂಡು, ಹೆಬ್ಬೆರಳು ಒತ್ತಿ ಹಿಡಿದ. ಈಗ ಮೂವರೂ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿದರು. ಒಬ್ಬರ ಕಾಲು ಇನ್ನೊಬ್ಬರು ತುಳಿದು, "ಅಯ್ಯೋ ನನ್ನ ಹೆಬ್ಬೆಟ್ಟು", "ತಲೆ ಆಚೆ ತಗೊಳ್ಳಯ್ಯಾ" ಅಂತ ಬೀದಿಯೆಲ್ಲ ಗದ್ದಲ.

ಉಪದೇಶಿಗಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಚಿಂತೆ ಬೇಡ ಆರೋಗ್ಯಮ್ಮ. ನನ್ನ ಕೂಜ ಇದೆ. ದೇವಸಹಾಯಮ್ಮ ಅನ್ನೋ ಹೆಸರು ಹೆಣ್ಣುಮಕ್ಕಳಿಗೂ ಚೆನ್ನಾಗಿಯೇ ಒಪ್ಪುತ್ತೆ."

ಅಣ್ಣ ಈ ಸಲ ನಿಜವಾಗಿಯೂ ಏನೂ ಮಾತಾಡಲಿಲ್ಲ. ಬಾಯಿ ಮುಚ್ಚಿತ್ತು, ಮನಸ್ಸು ಮುಚ್ಚಿರಲಿಲ್ಲ. ಉಪದೇಶಿಗಳು ಕೂಜದ ಸಮೇತ ಜಾರಿ ಸಗಣಿಯ ಮೇಲೆ ಬೀಳಲಿ ಅಂತ ಅಂದುಕೊಂಡನಂತೆ, ಆಮೇಲೆ ಹೇಳಿದ. ಒಂದು ಸಲ ಅಂದುಕೊಂಡಿದ್ದರೆ ಒಂದೇ ಬೀಳುತ್ತಿತ್ತು. ಅದು ಅಷ್ಟು ಚೆನ್ನಾಗಿ ಕಂಡಿತಂತೆ, ಇನ್ನೊಂದು ಸಲ ಅಂದುಕೊಂಡ. ಟಪ್, ಟಪ್. ಒಂದಕ್ಕೆ ನನ್ನ ಗಂಡ ಓಡಿಹೋಗಿ ಬೆರಳು ಕೊಟ್ಟ. ಇನ್ನೊಂದು ತಂಬಿಗೆಯ ಆ ಬದಿಯಲ್ಲಿ, ಅಣ್ಣನಿಗೂ ಎಟುಕದ ಕಡೆ, ಸುಮ್ಮನೆ ಸೋರುತ್ತಲೇ ಇತ್ತು. ನನ್ನ ಕೈಯಲ್ಲಿ ಮಗು. ಚರ್ಚಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ನೀರು ಅರ್ಧಕ್ಕೆ ಇಳಿದಿತ್ತು.

ಮಾರ್ಸೆಲ್ ಸ್ವಾಮಿಗಳು ಬಾಗಿಲಲ್ಲಿ ನಿಂತು ಈ ಎಂಟು ಕಾಲಿನ ಪ್ರಾಣಿ ಹತ್ತಿ ಬರುವುದನ್ನು ನೋಡುತ್ತಿದ್ದರು. ಉಪದೇಶಿಗಳು ಮುಂದೆ ಹೋಗಿ ದಾರಿಗೆ ಅಡ್ಡ ನಿಂತರು. "ಸ್ವಾಮಿ, ಇದು ನಡೆಯಲ್ಲ. ತಂಬಿಗೆ ಪೂರ್ತಿ ತೂತು. ಕ್ರಮ ಅಂತ ಒಂದಿದೆ."

"ಕ್ರಮದಲ್ಲಿ ಮೇಣ ಬೇಡ ಅಂತಿದೆ, ದೇವಸಹಾಯಪ್ಪ" ಅಂದರು ಸ್ವಾಮಿಗಳು ಗಡ್ಡ ಕೆರೆದುಕೊಂಡು. "ಬೆರಳು ಬೇಡ ಅಂತ ನಾನೆಲ್ಲೂ ಓದಿಲ್ಲ."

"ಯಾರಿಗೂ ಹೊಳೆದಿರಲಿಲ್ಲ, ಅದಕ್ಕೇ ಬರೆದಿಲ್ಲ! ತನ್ನ ತೂತು ತಾನು ಮುಚ್ಚಿಕೊಳ್ಳಲಾರದವನು ಮಗುವಿಗೆ ದಾರಿ ತೋರಿಸ್ತಾನಾ?"

"ಯಾರು ತಾನೇ ಮುಚ್ಚಿಕೊಂಡಿದ್ದಾರಪ್ಪ? ಆ ಹಳೇ ಸನ್ಯಾಸಿಗಳೂ ಅದನ್ನೇ ಹೇಳಿದ್ದು. ಒಳ್ಳೇದು ಒಂದೇ ಕಡೆ ಕೂತಿರಲ್ಲ, ತುಂಬಿದ್ದು ಪಕ್ಕಕ್ಕೆ ಹರಿಯುತ್ತೆ..."

ಸ್ವಾಮಿಗಳು ಶುರು ಮಾಡಿದರೆ ಸಂಜೆಯಾಗುತ್ತದೆ. ಇತ್ತ ನೀರು ಅಣ್ಣನ ಪಾದದ ಮೇಲೆ ಬಿದ್ದು ಮೆಟ್ಟಿಲಿಳಿದು ಹೋಗುತ್ತಿತ್ತು. ಅಣ್ಣ ಬಗ್ಗಿ ತಂಬಿಗೆಯೊಳಗೆ ನೋಡಿದ. ಕೋಳಿ ಎಷ್ಟು ಓಡಿಹೋದರೂ ನಗುತ್ತಿದ್ದ ಮನುಷ್ಯ, ಅವನ ಮುಖ ನೋಡಲಾಗದೆ ನಾನು ಮಗಳನ್ನು ಎದೆಗೆ ಅವಚಿಕೊಂಡೆ. "ಆರೋಗಿ, ಮುಗೀತು ಕಣೇ" ಅಂದ. "ಹೋಗಲಿ ಬಿಡು. ದೇವಸಹಾಯಮ್ಮ ಅಂದರೂ ಕೂಸು ಕೂಸೇ."

ಲೂರ್ದಮ್ಮನಿಗೆ ತಡೆಯಲಾಗಲಿಲ್ಲ. "ಉಪದೇಶಿಗಳೇ!" ಅಂತ ಕಿರುಚಿದಳು. "ಕ್ರಮ ಆಮೇಲೆ ಮಾತಾಡೋರಂತೆ! ಆ ಕೂಜ ಕೆಳಗಿಡಿ, ಇಲ್ಲಿ ಹಿಡೀರಿ!"

ಎಂಥ ಗಟ್ಟಿ ದನಿ ಅಂದರೆ, ಯೋಚನೆ ಮಾಡುವಷ್ಟು ಪುರುಸೊತ್ತು ಉಪದೇಶಿಗಳಿಗೆ ಸಿಗಲಿಲ್ಲ. ಕೂಜ ಕೆಳಗಿಟ್ಟು, ಓಡಿಬಂದು, ಬೆರಳು ಒತ್ತಿಯೇಬಿಟ್ಟರು. ಒತ್ತಿದ ಮೇಲೆ ತಾವೇನು ಮಾಡಿದೆವು ಅಂತ ಅರಿವಾಗಿ ಕಣ್ಣು ದೊಡ್ಡವಾದವು. ಅವರು ಜನ್ಮದಲ್ಲಿ ಇನ್ನೊಬ್ಬರ ತೂತು ಮುಟ್ಟಿದವರಲ್ಲ.

"ಗಟ್ಟಿಯಾಗಿ ಹಿಡೀರಿ ಸ್ವಲ್ಪ" ಅಂದ ಇನ್ನಾಸಪ್ಪ. "ಬಿಸಿ ಕಾವಲಿ ಮುಟ್ಟಿದ ಹಾಗೆ ಮುಟ್ಟಿದರೆ ಆಗುತ್ತಾ?"

"ತಣ್ಣಗಿದೆ" ಅಂದರು ಉಪದೇಶಿಗಳು. ಅಷ್ಟೇ ಅಂದದ್ದು. ಬೆರಳು ತೆಗೆಯಲಿಲ್ಲ.

ನೀರು ನಿಂತಿತು. ಎಲ್ಲರೂ ಒಟ್ಟಿಗೆ ಅಡ್ಡಡ್ಡ ತೂರಿಕೊಂಡು ಬಾಗಿಲು ದಾಟಿ ಒಳಗೆ ಬಂದರು. ಸ್ನಾನದ ಕಲ್ಲುತೊಟ್ಟಿಯ ಮೇಲೆ ನಾನು ಮಗಳನ್ನು ಹಿಡಿದೆ, ಅವಳ ತಲೆಯ ಮೇಲೆ ಅವರೆಲ್ಲ ತಂಬಿಗೆ ಹಿಡಿದರು.

"ಮಗುವಿನ ಹೆಸರೇನಪ್ಪ, ಚೌರಪ್ಪ?" ಅಂದರು ಸ್ವಾಮಿಗಳು.

ಅಣ್ಣ ಗಂಟಲು ಸರಿಮಾಡಿಕೊಂಡ. "ಚುಕ್ಕಿ, ಸ್ವಾಮಿ."

"ಚುಕ್ಕಿ? ಸಂತರ ಹೆಸರಲ್ಲವೇ ಇಡಬೇಕು? ಯಾರವಳು?"

ಯಾರು ಅಂತ ನನಗೆ ಗೊತ್ತಿತ್ತು. ಚುಕ್ಕಿ ಅನ್ನುವುದು ಅಣ್ಣನ ಕೋಳಿಯ ಹೆಸರು. ಯಾರು ಎಷ್ಟು ಕೇಳಿದರೂ ಮಾರದೆ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದ ಕೋಳಿ. ಹೆರಿಗೆಯಾಗಿ ನಾನು ಸೋತು ಮಲಗಿದ್ದಾಗ, ಬಾಣಂತಿಗೆ ಸಾರು ಬೇಕು ಅಂದದ್ದಕ್ಕೆ, ಯಾರಿಗೂ ಹೇಳದೆ ಅದನ್ನೇ ಕೊಯ್ದು ತಂದಿದ್ದ.

"ಹುತಾತ್ಮಳು, ಸ್ವಾಮಿ" ಅಂದ ಅಣ್ಣ. "ಇನ್ನೊಬ್ಬರ ಜೀವಕ್ಕೋಸ್ಕರ ಕತ್ತು ಕೊಟ್ಟವಳು."

ಎಲ್ಲರೂ ತಂಬಿಗೆ ನೋಡಿದರು. ಏನೂ ಆಗಲಿಲ್ಲ. ಸ್ವಾಮಿಗಳು ಆಶ್ಚರ್ಯದಿಂದ ತಲೆದೂಗಿದರು. "ನಾನು ಕೇಳೇ ಇಲ್ಲವಲ್ಲ. ಎಲ್ಲಿಯವಳಪ್ಪ?"

ಅಲ್ಲಿಗೆ ನಿಲ್ಲಿಸಿದ್ದರೆ ಅವನು ನನ್ನಣ್ಣನೇ ಅಲ್ಲ. "ರೋಮಾಪುರಿ ಕಡೆಯವಳು ಸ್ವಾಮಿ. ರಾಜಮನೆತನ."

ಟಪ್. ತಳದ ನಟ್ಟನಡುವೆ ತೂತು ಬಿದ್ದು ನೀರು ನೇರವಾಗಿ ನನ್ನ ಮಗಳ ನೆತ್ತಿಯ ಮೇಲೆ ಸುರಿಯಿತು. ಆ ತೂತಿಗೆ ಕೊಡಲು ಯಾರ ಬಳಿಯೂ ಬೆರಳು ಉಳಿದಿರಲಿಲ್ಲ. ಸ್ವಾಮಿಗಳು ಒಂದು ಕ್ಷಣ ತೂತು ನೋಡಿದರು, ಒಂದು ಕ್ಷಣ ಅಣ್ಣನ ಮುಖ ನೋಡಿದರು, ನೀರು ಮುಗಿಯುವ ಮೊದಲು ಮಂತ್ರ ಮುಗಿಸಬೇಕಲ್ಲ ಅಂತ ಗಾಬರಿಯಿಂದ ಕೈಯೆತ್ತಿದರು. "ಚುಕ್ಕಿ, ಪಿತನ... ಹೂಂ, ಬೆರಳು ತೆಗೀರಿ!" ಎಲ್ಲರೂ ತೆಗೆದರು, ನಾಲ್ಕು ಕಡೆಯಿಂದ ನೀರು ಚಿಮ್ಮಿತು. "ಮುಚ್ಚಿ, ಮುಚ್ಚಿ, ಇನ್ನೂ ಇಬ್ಬರಿದ್ದಾರೆ! ಸುತನ..." ತೆಗೆದರು. "ಮುಚ್ಚಿ!" ಉಪದೇಶಿಗಳು ಪ್ರತಿ ಸಲವೂ ಒಂದು ಗುಟುಕು ತಡವಾಗಿ ಮುಚ್ಚುತ್ತಿದ್ದರು. ಇನ್ನಾಸಪ್ಪನ ಮೀಸೆ ತೊಯ್ದಿತ್ತು, ಲೂರ್ದಮ್ಮ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು, ನನ್ನ ಗಂಡ ಯಾವುದು ತನ್ನ ತೂತು ಅಂತ ಹುಡುಕುತ್ತಿದ್ದ. "ಮತ್ತು ಪವಿತ್ರಾತ್ಮರ ನಾಮದಲ್ಲಿ" ಅನ್ನುವಾಗ ಎಲ್ಲ ಕೈಗಳೂ, ಉಪದೇಶಿಗಳದೂ, ಒಂದೇ ಸಲ ಬಿಟ್ಟವು. ನನ್ನ ಮಗಳು ಮಳೆಗೆ ಮುಖವೊಡ್ಡಿದವಳ ಹಾಗೆ ಬಾಯಿ ತೆರೆದಳು. ಅಣ್ಣ ತಂಬಿಗೆ ಹಿಡಿದುಕೊಂಡೇ ಅಳುತ್ತಿದ್ದ. ನಾವು ಆಮೆನ್ ಅನ್ನುವ ಹೊತ್ತಿಗೆ ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಎಲ್ಲವೂ ಅವಳ ಮೇಲಿತ್ತು.